ಗಾಜಿನ ಬಾವಿಯ ರುಕ್ಮವ್ವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡನೆಕ್ಕುಂದಿಯ ವಠಾರದಲ್ಲಿ ಹೆಂಗಸರು ಹಂಡೆ, ಕೊಡಗಳನ್ನೆಲ್ಲ ಅಂಗಳಕ್ಕೆ ತಂದು ಹಾಕಿಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾರೆ. ಇವತ್ತು ನೀರು ತುಂಬುವ ಹಬ್ಬ, ದೀಪಾವಳಿಯ ಮೊದಲ ಹೆಜ್ಜೆ. ಮನೆಯಲ್ಲಿರುವ ಹಳೆಯ ನೀರನ್ನೆಲ್ಲ ಚೆಲ್ಲಿ, ಪಾತ್ರೆ ಬೆಳಗಿ, ಸಂಜೆ ಹೊಸ ನೀರು ತುಂಬಿ ಪೂಜೆ ಮಾಡಬೇಕು. ಕೊನೆಯ ಕೋಣೆಯ ರುಕ್ಮವ್ವನವರೂ ತಮ್ಮ ಹಂಡೆಯನ್ನು ಬೆಳಗಿ ಬೋರಲು ಹಾಕಿದ್ದಾರೆ. ಆದರೆ ಮೂಲೆಯಲ್ಲಿರುವ ಗಾಜಿನ ತೊಟ್ಟಿಯೊಂದನ್ನು ಮಾತ್ರ ಮುಟ್ಟುವುದಿಲ್ಲ. ಅದರ ಮೇಲೆ ಗೋಣಿಚೀಲ ಹೊದಿಸುತ್ತಾರೆ. ಗೋಡೆಯ ಮೇಲಿನ ದೇವರ ಪಟದತ್ತ ಒಮ್ಮೆ ಅಳುಕಿನಿಂದ ನೋಡಿ, ನೀರು ತುಂಬಿದ ಬಕೆಟ್ ಎತ್ತಿಕೊಂಡು ಹೊರಡುತ್ತಾರೆ.

ಮನೆಮನೆಗೆ ಹೋಗಿ ಗಾಜಿನ ತೊಟ್ಟಿಯೊಳಗೆ ನೀರುಗಿಡಗಳ ತೋಟ ಹಾಕಿಕೊಡುವುದು ರುಕ್ಮವ್ವನವರ ಕಸುಬು. ಮೀನುಗಳೂ ಇರುತ್ತವೆ ಅನ್ನಿ. ಆದರೆ ಇವರ ಲೆಕ್ಕದಲ್ಲಿ ಗಿಡಗಳೇ ಮನೆಯ ಒಡೆಯರು, ಮೀನುಗಳು ಆಮೇಲೆ ಬರುವ ಬಾಡಿಗೆದಾರರು. ಕೊಪ್ಪಳದ ಕಡೆಯಿಂದ ಗಂಡ ಗಂಗಪ್ಪನವರೊಡನೆ ಕಟ್ಟಡದ ಕೂಲಿಗೆಂದು ಬಂದವರು ಇವರು. ಗಂಗಪ್ಪ ಗಾರೆ ಕೆಲಸ ಬಿಟ್ಟು ಗಾಜಿನಂಗಡಿ ಸೇರಿ, ಗಾಜು ಕೊಯ್ದು ತೊಟ್ಟಿ ಅಂಟಿಸುವುದನ್ನು ಕಲಿತರು. ಒಂದು ದಿನ ಸೀಳು ಬಿಟ್ಟ ತೊಟ್ಟಿಯೊಂದು ಯಾರಿಗೂ ಬೇಡವಾಗಿ, ಸೀಳಿಗೆ ಅಂಟು ಬಳಿಸಿಕೊಂಡು ಮನೆಗೆ ಬಂತು. ರುಕ್ಮವ್ವ ಕೆರೆಯಂಚಿನ ಹುಲ್ಲನ್ನು ಬೇರುಸಹಿತ ತಂದು ಅದರಲ್ಲಿ ನೆಟ್ಟರು. ಅದು ಚಿಗುರಿತು. ಅಂಗಡಿಯ ಗಿರಾಕಿಗಳು ಬಂದು ನೋಡಿ, ನಮಗೂ ಹೀಗೇ ಬೇಕು ಎಂದರು.

"ಮಂದಿ ಪ್ಲಾಸ್ಟಿಕ್ ಗಿಡ ಹಾಕತಿದ್ರು ನೋಡ್ರಿ. ಅದು ಒಣಗೂದಿಲ್ಲ, ಖರೆ. ಬೆಳಿಯೂದೂ ಇಲ್ಲಲ್ರಿ," ಎಂದು ನಗುತ್ತಾರೆ.

ಕೆಲಸ ನೋಡುವುದಕ್ಕೆ ಸುಲಭ. ತಳಕ್ಕೆ ಕೆರೆಯ ಗೋಡುಮಣ್ಣು, ಮೇಲೆ ಚೆನ್ನಾಗಿ ತೊಳೆದ ಮರಳು. ಮರಳಿನ ಮೇಲೊಂದು ಊಟದ ತಟ್ಟೆ ಇಟ್ಟು, ಅದರ ಮೇಲೆ ಸಣ್ಣಗೆ ನೀರು ಬಿಟ್ಟರೆ ಮಣ್ಣು ಕದಡುವುದಿಲ್ಲ. ಹಿಂದೆ ಎತ್ತರದ ಗಿಡ, ಮುಂದೆ ಗಿಡ್ಡ ಹುಲ್ಲು, ಮೇಲೊಂದು ಟ್ಯೂಬ್‌ಲೈಟ್. ಕೊನೆಗೆ ತಮ್ಮ ಸೀಳು ತೊಟ್ಟಿಯಿಂದ ತಂದ ಒಂದು ಬೊಗಸೆ ಹಳೆಯ ಮರಳನ್ನು ಬೆರೆಸುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಹೆಪ್ಪು. "ಹಾಲಿಗೆ ಹೆಪ್ಪು ಹಾಕದೆ ಮೊಸರು ಆಗತೈತೇನ್ರಿ? ನೀರಿಗೂ ಹಂಗ. ಹಳೇ ಮರಳಿನ್ಯಾಗ ಜೀವ ಇರತೈತಿ. ಅದು ಸೇರಿದ್ರ ಹೊಸಾ ನೀರು ಮೀನಿಗೆ ಒಗ್ಗತೈತಿ."

ಇಷ್ಟಾದ ಮೇಲೂ ಕೆಲವು ವಾರ ಮೀನು ಬಿಡುವಂತಿಲ್ಲ. ಬರೀ ಹುಲ್ಲು ನೋಡುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ಗಿರಾಕಿಗಳು ಗೊಣಗುತ್ತಾರೆ. ಬೀಗರು ಬರುವ ಮೊದಲು ಮನೆ ಸಾರಿಸಬೇಕಲ್ಲ ಎಂದು ಇವರು ಸಮಾಧಾನ ಹೇಳುತ್ತಾರೆ. ನೀರು ತುಂಬಿದ ಬಕೆಟ್ ನೋಡಿದರೆ ಬಸ್ಸಿನ ಕಂಡಕ್ಟರ್ ಮುಖ ಗಂಟು ಹಾಕುತ್ತಾನೆ. ಸದಾ ಒದ್ದೆಯಲ್ಲೇ ಇರುವ ಬೆರಳ ಸಂದುಗಳು ಮಳೆಗಾಲದಲ್ಲಿ ಸೀಳಿ ಉರಿಯುತ್ತವೆ. ಹತ್ತಿಪ್ಪತ್ತು ಮನೆಗಳ ತೊಟ್ಟಿಗಳು ಇವರ ಕೈಯಲ್ಲಿವೆ. ಒಂದರಲ್ಲಿ ಎಲೆ ಹಳದಿಯಾದರೂ ಊಟ ರುಚಿಸುವುದಿಲ್ಲ ಎಂದು ಗಂಗಪ್ಪ ಹೆಂಡತಿಯನ್ನು ಛೇಡಿಸುತ್ತಾರೆ.

ವರ್ಷದಲ್ಲಿ ರುಕ್ಮವ್ವ ಹೆದರುವುದು ಈ ಒಂದು ದಿನಕ್ಕೆ. ಹೋದ ವರ್ಷ ಇದೇ ಹಬ್ಬದಂದು, ವರ್ತುಲ ರಸ್ತೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮಗನ ಮನೆಯಲ್ಲಿರುವ ಮಹಾಂತಮ್ಮನವರು ಹಂಡೆ ಕೊಡಗಳ ಜೊತೆಗೆ ಗಾಜಿನ ತೊಟ್ಟಿಯನ್ನೂ ಬರಿದು ಮಾಡಿದರು. ಗಿಡ ಕಿತ್ತು, ಮರಳು ತೊಳೆದು, ಮತ್ತೆ ನೆಟ್ಟು, ಬ್ಲೀಚಿಂಗ್ ಪುಡಿ ಹಾಕಿದ್ದ ಸಂಪಿನ ನೀರು ತುಂಬಿ ಆರತಿ ಬೆಳಗಿದರು. ಅವರದು ನಿಜವಾದ ಭಕ್ತಿಯೇ. ಪಾಡ್ಯ ಬರುವಷ್ಟರಲ್ಲಿ ಮೀನುಗಳೆಲ್ಲ ತೇಲಿದವು. ಮೊಮ್ಮಗಳು ಸ್ಫೂರ್ತಿ ಪಟಾಕಿ ಮುಟ್ಟಲಿಲ್ಲ. ರುಕ್ಮವ್ವ ಮತ್ತೆ ಹೆಪ್ಪು ಹಾಕಿ ತೋಟ ಎಬ್ಬಿಸಿದ್ದಾರೆ. ಈ ಸಲವೂ ಹಾಗೇ ಆದರೆ ಆ ಮಗು ಇನ್ನು ತೊಟ್ಟಿಯ ಕಡೆ ತಿರುಗಿ ನೋಡುವುದಿಲ್ಲ. ಅದಕ್ಕೇ ಹಬ್ಬದ ಬೆಳಗ್ಗೆ ಮನೆಮನೆ ಸುತ್ತಿ ತಡೆಯುವ ಈ ಕೆಲಸ.

ಆದರೆ ತಡೆಯುವವರ ಮನಸ್ಸೇ ಗಟ್ಟಿಯಿಲ್ಲ. ಈ ದಿನ ಹಳೆಯ ನೀರು ಮನೆಯಲ್ಲಿ ಉಳಿಯಬಾರದು ಎಂದು ಹೇಳಿಕೊಟ್ಟದ್ದು ರುಕ್ಮವ್ವನ ತಾಯಿಯೇ. ತಮ್ಮ ಮನೆಯ ತೊಟ್ಟಿಗೆ ಗೋಣಿಚೀಲ ಹೊದಿಸಿದ್ದೂ ಅದೇ ಅಳುಕಿಗೆ. "ಮಂದಿಗೆ ಚೆಲ್ಲಬ್ಯಾಡ್ರಿ ಅಂತೀನಿ. ಒಳಗ ಜೀವಾ ಡವಡವ ಅಂತೈತ್ರಿ," ಎಂದು ಮಹಾಂತಮ್ಮನವರ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುತ್ತ ಹೇಳುತ್ತಾರೆ.

ಮಹಾಂತಮ್ಮ ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಮುಂದೆ ನಿಂತಿದ್ದಾರೆ. ಪಕ್ಕದಲ್ಲಿ ಖಾಲಿ ಕೊಡ. ತೊಟ್ಟಿಗೆ ಬೆನ್ನು ಹಚ್ಚಿ, ಎರಡೂ ಕೈ ಚಾಚಿ, ಸ್ಫೂರ್ತಿ ಅಡ್ಡ ನಿಂತಿದ್ದಾಳೆ.

"ಅಜ್ಜಿ, ಪ್ಲೀಸ್. ಮತ್ತೆ ಸಾಯ್ತವೆ," ಎನ್ನುತ್ತಾಳೆ ಹುಡುಗಿ.

"ಅಮ್ಮಾರ, ಚೆಲ್ಲಬ್ಯಾಡ್ರಿ," ಎಂದು ರುಕ್ಮವ್ವ ಬಾಗಿಲಲ್ಲೇ ಬಕೆಟ್ ಇಳಿಸುತ್ತಾರೆ.

ಮಹಾಂತಮ್ಮ ನಿಧಾನವಾಗಿ ಮೊಮ್ಮಗಳ ತಲೆ ಸವರಿ ರುಕ್ಮವ್ವನತ್ತ ತಿರುಗುತ್ತಾರೆ. "ಚೆಲ್ಲೂದಿಲ್ಲ ಬಾರವ್ವ. ರಾತ್ರಿಯೆಲ್ಲ ವಿಚಾರ ಮಾಡೀನಿ. ನಮ್ಮ ಹಿತ್ತಲದಾಗ ಬಾವಿ ಇತ್ತು. ಈ ಹಬ್ಬಕ್ಕ ನಮ್ಮತ್ತಿ ಅದನ್ನ ಎಂದಾದ್ರೂ ಬರಿದು ಮಾಡಿಸಿದ್ರೇನು? ವಿಭೂತಿ ಹಚ್ಚಿ, ಒಂದು ಕೊಡ ಸೇದಿ, ಕೈ ಮುಗೀತಿದ್ವಿ. ಹಂಡೆ ತೊಳೀಬೇಕು, ಬಾವಿ ತೊಳೀಬಾರದು. ಇದು ಬಾವಿ ಅಂತ ಹ್ವಾದ ವರ್ಷ ನನಗ ತಿಳೀಲಿಲ್ಲ ನೋಡು."

ರುಕ್ಮವ್ವ ಅಲ್ಲೇ ನೆಲದ ಮೇಲೆ ಕುಳಿತುಬಿಡುತ್ತಾರೆ. ಕಣ್ಣು ತುಂಬಿ ಬಂದಿವೆ.

ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ ಮೂಡುತ್ತದೆ. ಮಹಾಂತಮ್ಮ ತಂಬಿಗೆಯಿಂದ ಮೊಗೆದು ಒಂದೇ ಒಂದು ಕೊಡ ನೀರು ತೆಗೆಯುತ್ತಾರೆ. ಬ್ಲೀಚಿಂಗ್ ಘಾಟು ಹೋಗುವಂತೆ ಬಯಲಿನಲ್ಲಿಟ್ಟು ಹದಮಾಡಿ ತಂದಿದ್ದ ಬಕೆಟ್ಟಿನ ನೀರನ್ನು ರುಕ್ಮವ್ವ ತಟ್ಟೆಯ ಮೇಲೆ ಸಣ್ಣಗೆ ಸುರಿದು ತುಂಬುತ್ತಾರೆ. ಸ್ಫೂರ್ತಿ ಗಾಜಿಗೆ ಮೂಗು ಒತ್ತಿ ಮೀನುಗಳನ್ನು ಎಣಿಸುತ್ತಾಳೆ, ತಪ್ಪಿದಾಗ ಮೊದಲಿನಿಂದ ಶುರು ಮಾಡುತ್ತಾಳೆ. ಆಮೇಲೆ ಹೋದ ಮನೆಗಳಲ್ಲೆಲ್ಲ ರುಕ್ಮವ್ವನ ದನಿಗೆ ಬೇರೆಯದೇ ಬಲ ಬಂದಿದೆ. "ಇದು ಬಾವಿ ರೀ. ಒಂದು ಕೊಡ ಸಾಕು."

ಸಂಜೆ ವಠಾರಕ್ಕೆ ಮರಳಿದಾಗ ಗಂಗಪ್ಪ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದಾರೆ. ರುಕ್ಮವ್ವ ಸೀದಾ ಒಳಗೆ ಹೋಗಿ ಮೂಲೆಯ ತೊಟ್ಟಿಯ ಮೇಲಿನ ಗೋಣಿಚೀಲವನ್ನು ಸರಕ್ಕನೆ ಎಳೆಯುತ್ತಾರೆ. ಸೀಳು ಬಿಟ್ಟ ಗಾಜಿನ ಮೇಲೆ ವಿಭೂತಿ ಎಳೆದು, ಒಂದು ತಂಬಿಗೆ ನೀರು ತೆಗೆದು, ಹಣತೆಯನ್ನು ಅದರ ಮುಂದೆಯೇ ಇಡುತ್ತಾರೆ. ಆ ಬೆಳಕಿಗೆ ಒಳಗಿನ ಹುಲ್ಲು ಹಸಿರಾಗಿ ಕಾಣುತ್ತದೆ. ಇಷ್ಟೊಂದು ಮನೆಗಳಿಗೆ ಹೆಪ್ಪು ಕೊಟ್ಟ ತೊಟ್ಟಿಗೆ ಇಲ್ಲಿಯವರೆಗೆ ಒಂದು ಟ್ಯೂಬ್‌ಲೈಟ್ ಕೂಡ ಇಲ್ಲ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ರುಕ್ಮವ್ವ ಗೋಣಿಚೀಲವನ್ನು ಮಡಚಿ ಹೊರಬಾಗಿಲಿಗೆ ಕಾಲೊರೆಸಲು ಹಾಸುತ್ತಾರೆ.

"ಇದಕ್ಕೂ ಒಂದು ಲೈಟ್ ಹಾಕಬೇಕ್ರಿ. ಹಬ್ಬ ಬಂದ್ರ ಮುಚ್ಚಿ ಇಡತಿದ್ದೆ. ಇನ್ನ ಬಂದವರು ನೋಡ್ಲಿ."