ಆಸ್ತಿಗೆ ಸಂಬಂಧವಿಲ್ಲದ ಅತ್ತೆಯರು

ರಬ್ಬರ್ ಮುದ್ರೆಯ ನೇರಳೆ ಶಾಯಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತ ನನಗಂತೂ ಅದು ಮಲ್ಲಿಗೆಗಿಂತ ಹೆಚ್ಚು ಪರಿಚಿತ. ಇವತ್ತು ವಿಶಾಖಪಟ್ಟಣದ ನಮ್ಮ ಮನೆಗೆ ಬಂದ ಲಕೋಟೆ ಒಡೆದಾಗ ಅದೇ ವಾಸನೆ ಬಂತು. ಜೊತೆಗೆ ಹೋದ ವರ್ಷದ ಒಂದು ಬೆಳಿಗ್ಗೆಯೂ ನೆನಪಾಯಿತು.

ಹೋದ ವರ್ಷ ನನ್ನ ಎದೆಯಲ್ಲಿ ಕ್ಯಾನ್ಸರ್ ಸಿಕ್ಕಿತು. ಸಿಕ್ಕಿತು ಎನ್ನುತ್ತೇನೆ ನೋಡಿ, ನಾನೇ ಹುಡುಕುತ್ತಿದ್ದೆನೇನೋ ಎಂಬಂತೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಜೀನ್ ಪರೀಕ್ಷೆಯೂ ಆಯಿತು. ಇದು ವಂಶದಲ್ಲಿ ಹರಿದು ಬಂದದ್ದು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಬೇಕು, ಮೂರು ತಲೆಮಾರಿನ ವಂಶವೃಕ್ಷವೂ ಬೇಕು ಎಂದಳು ಆಸ್ಪತ್ರೆಯ ಸಲಹೆಗಾರ್ತಿ.

ನನಗಿರುವುದು ಒಬ್ಬನೇ ಅಣ್ಣ, ವಿಜಯವಾಡದಲ್ಲಿ. ಅವನೂ ಬ್ಯಾಂಕಿನವನೇ, ವರ್ಗಾವಣೆ ನಮ್ಮಿಬ್ಬರನ್ನೂ ಹಾವೇರಿ ಕಡೆಯಿಂದ ತಂದು ಈ ಸೀಮೆಯಲ್ಲಿ ಬಿಟ್ಟಿದೆ. ಅವನಿಗೆ ಇಪ್ಪತ್ತಾರರ ಮಗಳು, ಪಲ್ಲವಿ. ನನ್ನ ಸಂಕಟವೆಲ್ಲ ಅವಳದೇ. ಅಣ್ಣನಲ್ಲಿ ಇದ್ದರೆ ಅವಳಲ್ಲೂ ಇರಬಹುದು. ಅಣ್ಣ ಮಾತ್ರ ಫೋನಿನಲ್ಲಿ, "ಗಂಡಸರಿಗೆ ಇದೆಲ್ಲಾ ಇರಂಗಿಲ್ಲ ತಂಗಿ. ನಿಂಗ ಬಂದರಿನ ಧೂಳು ಹತ್ತೇತಿ. ವಂಶವೃಕ್ಷ ಬೇಕಂದ್ರ ತರ್ತೀನಿ," ಎಂದ.

ತಂದ. ಒಂದು ಕೈಯಲ್ಲಿ ಇಂದ್ರಕೀಲಾದ್ರಿ ಗುಡಿಯ ಕುಂಕುಮ, ಇನ್ನೊಂದರಲ್ಲಿ ಅಪ್ಪನ ಹೊಲ ಪಾಲಾದಾಗ ಮಾಡಿಸಿದ, ತಹಶೀಲ್ದಾರರ ಮುದ್ರೆಯಿದ್ದ ವಂಶವೃಕ್ಷ. ಸಿಟ್ಟು ಬಂದ ಕೂಡಲೇ ಅಣ್ಣನ ತೆಲುಗು ಕನ್ನಡವಾಗಿಬಿಡುತ್ತದೆ, ಹಾಗಾಗಿ ಆಸ್ಪತ್ರೆಯಲ್ಲಿ ಅವನ ಮತ್ತು ತೆಲುಗಿನ ಸಲಹೆಗಾರ್ತಿ ಹುಡುಗಿಯ ನಡುವೆ ಕುಳಿತು ನಾನೇ ಇಬ್ಬರ ಮಾತನ್ನೂ ದಾಟಿಸಿದೆ. ಕಾಗದವನ್ನೂ ಓದಿ ಹೇಳಿದೆ: ಅಜ್ಜ, ಅಜ್ಜನ ಗಂಡುಮಕ್ಕಳು, ಅವರ ಗಂಡುಮಕ್ಕಳು.

"ಇದರಲ್ಲಿ ಪೇಷೆಂಟೇ ಇಲ್ಲವಲ್ಲ ಸರ್," ಎಂದಳು ಹುಡುಗಿ.

"ಆಕಿ ಹಕ್ಕು ಬಿಟ್ಟುಕೊಟ್ಟಾಳ."

"ನಿಮ್ಮ ತಂದೆಗೆ ಅಕ್ಕತಂಗಿಯರು?"

"ಇಬ್ಬರಿದ್ರು. ಮಕ್ಕಳಿಲ್ದ ತೀರಿಕೊಂಡ್ರು. ಆಸ್ತಿಗೆ ಸಂಬಂಧ ಇಲ್ಲ."

"ನನಗೆ ಆಸ್ತಿ ಬೇಡ ಸರ್. ಅವರಿಗೆ ಏನಾಗಿತ್ತು?"

ಅಣ್ಣ ಕನ್ನಡಕ ತೆಗೆದು ಒರೆಸಿದ.

"ಗಂಗತ್ತಿ ಎದಿಯಾಗ ಗಂಟಾಗಿತ್ತು. ಅರಿಷಿಣ ಅರದು ಹಚ್ತಿದ್ರು. ಅರೀತಿದ್ದಾಂವ ನಾನ. ಏಳೆಂಟು ವರ್ಷದಾಂವ ಇದ್ದೆ." ಕನ್ನಡಕ ಹಾಕಿಕೊಂಡು, "ಸಣ್ಣತ್ತಿಗೂ ಅರದೇನಿ," ಎಂದ.

ಇದನ್ನು ನಾನು ದಾಟಿಸಲಿಲ್ಲ, ಅಳು ಬಂದಿತ್ತು. ನನಗಾಗ ತೊಟ್ಟಿಲಿನ ವಯಸ್ಸು. ಆಮೇಲೆ ಆ ಅತ್ತೆಯರ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಹುಡುಗಿಗೆ 'ಎದಿ' ಎಂಬ ಮಾತೊಂದು ತಿಳಿದಿರಬೇಕು, ತೆಲುಗಿನಲ್ಲೂ ಅದು ಎದ. ಪೆನ್ಸಿಲ್ ಮುಂದೆ ಸರಿಸಿ, ಹೆಸರು ಸೇರಿಸಿ ಎಂದಳು.

ಅಣ್ಣ ಬೆಚ್ಚಿದ. ಸರಕಾರಿ ಕಾಗದದ ಮೇಲೆ ಪೆನ್ಸಿಲ್ ನಡೆಯುತ್ತದೆಯೇ? ತನ್ನ ಪೆನ್ನು ತೆಗೆದು ಇಬ್ಬರು ಅತ್ತೆಯರನ್ನೂ ನನ್ನನ್ನೂ ಬರೆದ. ಬ್ಯಾಂಕಿನ ಪದ್ಧತಿಯಂತೆ ಒಂದೊಂದು ತಿದ್ದುಪಡಿಯ ಪಕ್ಕದಲ್ಲೂ ಪೂರ್ತಿ ಸಹಿ ಹಾಕಿದ. ಹೀಗೆ ನಾವು ಮೂವರು ಹೆಂಗಸರು ತಹಶೀಲ್ದಾರರ ಅಪ್ಪಣೆಯಿಲ್ಲದೆ ನಮ್ಮದೇ ವಂಶಕ್ಕೆ ಸೇರಿದೆವು. ಆಮೇಲೆ ತೋಳು ಮಡಚಿ ರಕ್ತ ಕೊಟ್ಟ, ಸೂಜಿ ಚುಚ್ಚಿದವಳ ಹತ್ತಿರ ರಸೀದಿ ಕೇಳಿದ.

ಅವನ ಫಲಿತಾಂಶವೂ ನನ್ನದರಂತೆಯೇ ಬಂತು.

ಇವತ್ತಿನ ಲಕೋಟೆಯಲ್ಲಿರುವುದು ಅಣ್ಣನ ಹೊಸ ವಂಶವೃಕ್ಷ. ಛಾಪಾ ಕಾಗದದ ಮೇಲೆ ಕನ್ನಡದಲ್ಲಿ ಬರೆದು, ಒಂದಕ್ಷರ ಕನ್ನಡ ಬಾರದ ವಿಜಯವಾಡದ ನೋಟರಿಯಿಂದ ಮುದ್ರೆ ಹಾಕಿಸಿದ್ದಾನೆ. ಆ ಜೀನ್ ಅತ್ತೆಯರ ಹೆಸರಿನ ಮುಂದೆ 'ಇತ್ತು', ನಮ್ಮಿಬ್ಬರ ಮುಂದೆ 'ಇದೆ'. ಎಲ್ಲದಕ್ಕೂ ಸಹಿ. ಕೊನೆಯ ಸಾಲಿನಲ್ಲಿ ಪಲ್ಲವಿ. ಅವಳು ಮೊನ್ನೆಯಷ್ಟೇ ರಕ್ತ ಕೊಟ್ಟಿದ್ದಾಳೆ, ಫಲಿತಾಂಶ ಬರಬೇಕು.

ಅವಳ ಹೆಸರಿನ ಮುಂದೆ ಅಣ್ಣ 'ಇಲ್ಲ' ಎಂದು ಬರೆದಿದ್ದಾನೆ. ಸಹಿಯಿಲ್ಲ. ಪೆನ್ಸಿಲಿನಲ್ಲಿ.

ಮೂವತ್ತು ವರ್ಷದ ನೌಕರಿಯಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ಪೆನ್ನು ತೆಗೆದು ಅದರ ಪಕ್ಕ ನನ್ನ ಪೂರ್ತಿ ಸಹಿ ಹಾಕಿದೆ.