ಮೇಲ್‌ಗೆ ಹಚ್ಚಿದ ಕೆಂಪು

ಜಗಳೂರಿನ ನಮ್ಮ ಕುರಿ ಸಾಕಣೆದಾರರ ಸಂಘಕ್ಕೆ ನಾನೇ ಕಾರ್ಯದರ್ಶಿ. ಕಂಪ್ಯೂಟರಿನಲ್ಲಿ ಮೇಲ್ ನೋಡುವುದನ್ನು ಕಲಿಸಲು ದಾವಣಗೆರೆಯಿಂದ ಒಬ್ಬ ಮೇಡಂ ಬಂದಿದ್ದರು. ಪಾಠ ಶುರುವಾಗುವಷ್ಟರಲ್ಲಿ ಪಶು ಡಾಕ್ಟರ ಫೋನ್ ಬಂತು. "ಕುರಿ ಲಸಿಕೆ ಬೇಕಾ ಅಂತ ಮೇಲ್ ಹಾಕಿದೀನಿ. ಸಂಜೆಯೊಳಗೆ ಉತ್ತರ ಕೊಡ್ರಿ, ಇಲ್ಲಾಂದ್ರೆ ಬೇರೆ ಊರಿಗೆ ಹೋಗ್ತೈತೆ."

ಇನ್‌ಬಾಕ್ಸ್ ತೆರೆದರೆ ಸೀರೆ, ಸೈಟು, ಲಾಟರಿ ಅಂತ ಪರದೆ ತುಂಬಾ ಮೇಲ್, ಎಲ್ಲವೂ ಒಂದೇ ಥರ ಕಪ್ಪು ದಪ್ಪಕ್ಷರ. ಹುಡುಕಿ ಹುಡುಕಿ ಡಾಕ್ಟರದ್ದು ಸಿಕ್ಕಿತು. "ಬೇಕು ಸಾರ್" ಅಂತ ಬರೆದು ಕಳಿಸಿದೆ.

"ಮೇಡಂ, ನಾಳೆ ಇದು ಮತ್ತೆ ಗುಂಪಿನಾಗೆ ಸೇರ್ಕೊಂಡ್ರೆ ಹೆಂಗ್ರಿ ಗುರ್ತು ಹಿಡಿಯೋದು? ಇದರ ಬೆನ್ನಿಗೆ ಬಣ್ಣ ಹಚ್ಚಾಕೆ ಬರಲ್ವಾ?"

ಮೇಡಂ ಕಣ್ಣು ಪಿಳಿಪಿಳಿ ಬಿಟ್ಟರು. "ಮೇಲ್‌ಗೆ ಬೆನ್ನು ಎಲ್ಲಿರುತ್ತಮ್ಮಾ?"

"ಬಯಲಾಗೆ ಎರಡು ಹಿಂಡು ಬೆರೆತ್ರೆ ಬೆನ್ನಿನ ಬಣ್ಣ ನೋಡೇ ನಮ್ಮ ಕುರಿ ಎಳ್ಕೊಳ್ಳೋದ್ರಿ. ನಮ್ಮನೇದು ಕೆಂಪು."

ಅವರು ನಗುತ್ತಾ ಪರದೆಯ ಮೇಲೊಂದು ಗುಂಡಿ ತೋರಿಸಿದರು. ಒತ್ತಿದೆ. ಡಾಕ್ಟರ ಮೇಲ್‌ನ ಸಾಲು ಪೂರ್ತಿ ಕೆಂಪಾಯಿತು!

"ಇದನ್ನು ನಾನು ಕೊನೇ ಪಾಠದಲ್ಲಿ ಹೇಳಿಕೊಡೋದು. ನೀವು ಮೊದಲನೇದ್ರಲ್ಲೇ ಕೇಳಿಬಿಟ್ರಿ" ಅಂದರು ಮೇಡಂ. ಆವತ್ತು ಮನೆಗೆ ಹೋಗುವಾಗ ಎದುರು ಸಿಕ್ಕವರಿಗೆಲ್ಲ ಆ ಮಾತು ಹೇಳಿದೆ, ಕೇಳದವರಿಗೂ ಹೇಳಿದೆ.

ಮೊನ್ನೆ ಮೇಡಂ, ಕಲಿತದ್ದು ನೆನಪಿದೆಯಾ ಅಂತ ಮೇಲ್ ಹಾಕಿದ್ದರು. ಉತ್ತರ ಬರೆಯುವ ಮೊದಲು ಅದಕ್ಕೂ ಕೆಂಪು ಹಚ್ಚಿದೆ. ಇನ್ನು ಅವರು ಯಾವ ಹಿಂಡಿನೊಳಗೆ ಸೇರಿಕೊಂಡರೂ ನಮ್ಮವರೇ.