ಉಯಿಲಮ್ಮ ಸಾಕ್ಷಿ ಹೇಳಿದ ದಿನ

ವಕೀಲರ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವೇನೂ ಇಲ್ಲ. ಗುಂಡ್ಲುಪೇಟೆ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸವೆಸಿದವನು ನಾನು, ನೀಲಕಂಠಸ್ವಾಮಿ. ಕೊನೆಯ ಎಂಟು ವರ್ಷ ನ್ಯಾಯಾಧೀಶರ ಕೆಳಗಿನ ಮೇಜಿನಲ್ಲೇ ಬೆಂಚ್ ಕ್ಲರ್ಕ್ ಆಗಿ ಕೂತಿದ್ದೆ. ಕರಿ ಕೋಟಿನೊಳಗೆ ಎಂತೆಂಥವರು ಇರುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟು ಜನರಲ್ಲಿ ನಾನು ಎದ್ದು ನಿಂತು ನಮಸ್ಕಾರ ಮಾಡುವುದು ಒಬ್ಬಳಿಗೆ ಮಾತ್ರ. ನನಗಿಂತ ಇಪ್ಪತ್ನಾಲ್ಕು ವರ್ಷ ಚಿಕ್ಕವಳು. ಹೆಸರು ಶಿವರಂಜಿನಿ. ತಾಲ್ಲೂಕಿನ ಜನರ ಬಾಯಲ್ಲಿ ಉಯಿಲಮ್ಮ.

ತೆರಕಣಾಂಬಿಯವಳು. ಅಪ್ಪ ಚಿಕ್ಕಬಸವಯ್ಯ ಹೊಲದ ಕೂಲಿ ಮಾಡುತ್ತಿದ್ದ, ತರಕಾರಿ ಮಾರುಕಟ್ಟೆ ನಡೆಯುವ ದಿನ ಕೇರಳದ ಲಾರಿಗಳಿಗೆ ಮೂಟೆ ಹೊರುತ್ತಿದ್ದ. ಮಗಳು ಪಿಯುಸಿ ಮುಗಿಸಿ ಟೈಪಿಂಗ್ ಪಾಸು ಮಾಡಿದಾಗ, ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯುತ್ತಿದ್ದ ಚಿಕ್ಕಮಲ್ಲಪ್ಪನವರ ಮುಂದೆ ತಂದು ನಿಲ್ಲಿಸಿದ. ಇಂಥ ಜನದವಳ ಕೈಯಲ್ಲಿ ನಮ್ಮ ಕ್ರಯಪತ್ರ ಟೈಪ್ ಮಾಡಿಸುತ್ತೀರಾ ಎಂದು ಒಬ್ಬಿಬ್ಬರು ಮೂಗು ಮುರಿದರು. ಚಿಕ್ಕಮಲ್ಲಪ್ಪ ಕನ್ನಡಕ ತೆಗೆದು ಅವರನ್ನೇ ನೋಡಿದರು. "ತಪ್ಪಿಲ್ದೆ ಟೈಪ್ ಮಾಡೋಳು ಇವ್ಳೊಬ್ಳೇ ಕಣ್ರಯ್ಯ ಈ ಬೀದೀಲಿ. ಬ್ಯಾಡ ಅನ್ನೋರು ಬೇರೆ ಕಡೆ ಓಗಿ ಬರೆಸ್ಕೊಳಿ" ಅಂದರು. ಯಾರೂ ಹೋಗಲಿಲ್ಲ.

ನಾಲ್ಕು ವರ್ಷ ಅಲ್ಲಿ. ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೊಡುವ ಕಿಟಕಿಯ ಹಿಂದೆ ಗುತ್ತಿಗೆ ನೌಕರಿ. ಅದು ಹೋದಾಗ ವಿಮೆ ಏಜೆಂಟ್ ಆಗಿ ಊರೂರು ತಿರುಗಿದಳು. ಮನೆ ಬಾಗಿಲಲ್ಲಿ ನಿಂತು ಸಾವಿನ ಮಾತಾಡುತ್ತೀಯಾ ಎಂದು ಬೇಗೂರಿನ ಒಬ್ಬ ಅಜ್ಜಿ ಪೊರಕೆ ಎತ್ತಿಕೊಂಡಳಂತೆ. ಅಂದಿನಿಂದ ಇವಳು ಮೊದಲು ಹಸುವಿನ ಮಾತೆತ್ತಿ, ಬೆಳೆಯ ಮಾತಾಡಿ, ಕಾಫಿ ಬಂದ ಮೇಲೆ ಸಾವಿನ ವಿಷಯಕ್ಕೆ ಬರುವುದನ್ನು ಕಲಿತಳು. ಇವತ್ತಿಗೂ ಅವಳ ಕಚೇರಿಯಲ್ಲಿ ಅದೇ ಕ್ರಮ. ಉಯಿಲು ಬರೆಸಲು ಬಂದವರಿಗೆ ತಾವು ಸಾಯುವ ಮಾತಾಡುತ್ತಿದ್ದೇವೆಂದು ಹೊಳೆಯುವ ಹೊತ್ತಿಗೆ ಅರ್ಧ ಕರಡು ಸಿದ್ಧವಾಗಿರುತ್ತದೆ.

ವಿಮೆಯಿಂದ ಚಾಮರಾಜನಗರದ ಆಡಿಟರ್ ಒಬ್ಬರ ಕಚೇರಿಗೆ ಹೋದಳು. ಅರಿಶಿನ, ಬೆಲ್ಲದ ವ್ಯಾಪಾರಿಗಳ ತೆರಿಗೆ ಕಾಗದ ನೋಡಿಕೊಳ್ಳುವ ಕೆಲಸ. ಗಡಿಯಾಚೆಯ ಸಾಹುಕಾರರ ಜೊತೆ ಫೋನಿನಲ್ಲಿ ಜಗಳವಾಡುವಷ್ಟು ಮಲಯಾಳಂ ಅಲ್ಲೇ ಬಂತು. ಅಂಚೆ ಮೂಲಕ ಪದವಿ ಮುಗಿಸಿದಳು, ಮೈಸೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಕಾನೂನು ಓದಿದಳು. ಇಪ್ಪತ್ತೆಂಟರಲ್ಲಿ ಕರಿ ಕೋಟು ತೊಟ್ಟು ನಮ್ಮ ಕೋರ್ಟಿಗೆ ಬಂದಾಗ ಹಿರಿಯ ವಕೀಲರೊಬ್ಬರು, "ಏನಮ್ಮ, ಇನ್ನು ಯಾವ ಕೆಲಸ ಬಾಕಿ ಉಳಿಸಿದ್ದೀಯಾ?" ಎಂದು ಕಿಚಾಯಿಸಿದರು. ಅವಳು ನಕ್ಕು, "ನಿಮ್ಮದೊಂದೇ ಸಾರ್" ಅಂದಳು. ನನಗೆ ಅವಳು ಹಿಡಿಸಿದ್ದು ಆಗಲೇ.

ಬೆಳಿಗ್ಗೆ ತೆರಿಗೆ, ಮಧ್ಯಾಹ್ನದ ಮೇಲೆ ಉಯಿಲು, ವಿಭಾಗಪತ್ರ, ದಾನಪತ್ರ. ಜನ ಮುಗಿಬಿದ್ದರು. "ನಾನು ಬರೆದ ಕಾಗ್ದಕ್ಕೆ ಎರಡು ಅರ್ಥ ಇರಲ್ಲ" ಎಂಬುದು ಅವಳ ಹೆಮ್ಮೆಯ ಮಾತು. ಆ ಮಾತನ್ನು ನಂಬಿಯೇ ಜನ ಬರುತ್ತಿದ್ದರು.

ಹೀಗಿರುವಾಗ, ಎರಡು ಸಾವಿರದ ಇಪ್ಪತ್ತೆರಡರಲ್ಲಿ, ಬೇಗೂರಿನ ಸುಧಾಮಣಿ ಒಂದು ನೋಂದಾಯಿತ ಉಯಿಲಿನ ನಕಲು ಹಿಡಿದುಕೊಂಡು ಅವಳ ಕಚೇರಿಗೆ ಬಂದಳು. ಸುಧಾಮಣಿಯನ್ನು ಮದ್ದೂರಿಗೆ ಕೊಟ್ಟಿದ್ದರು. ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದಳು. ಅಪ್ಪ ದೊಡ್ಡಮಲ್ಲಪ್ಪ ತಾನೇ ದುಡಿದು ಕೊಂಡಿದ್ದ ಬಾವಿ ಹೊಲದ ಎರಡೆಕರೆಯನ್ನು ತೋರಿಸಿ, ಇದನ್ನು ಮಾಡಿಕೊಂಡಿರು ಅಂದ. ಹದಿನಾರು ವರ್ಷ ಅದರಲ್ಲಿ ಅರಿಶಿನ, ಬಾಳೆ ಬೆಳೆದಳು. ಅಪ್ಪ ತೀರಿಕೊಂಡು ವರ್ಷ ತುಂಬುವುದರೊಳಗೆ ಅಣ್ಣ ಮಲ್ಲೇಶ್ ಉಯಿಲು ತೆಗೆದ. ಹೊಲ ಊಟಿ ರಸ್ತೆಗೆ ಮುಖ ಮಾಡಿಕೊಂಡಿದೆ, ಹೋಟೆಲ್ ಕಟ್ಟುವವರು ಕೇಳುತ್ತಿದ್ದರು. ಉಯಿಲಿನ ಪ್ರಕಾರ ಆ ಎರಡೆಕರೆ ನನ್ನ ಮಗನದು, ಬೆಳೆ ಕಿತ್ತ ಮೇಲೆ ಬಿಟ್ಟುಕೊಡು ಎಂದ.

ಉಯಿಲಿನಲ್ಲಿ ಇದ್ದದ್ದು ಇಷ್ಟು. ನನಗೆ ಮಲ್ಲೇಶ್ ಎಂಬ ಮಗನೂ ಸುಧಾಮಣಿ ಎಂಬ ಮಗಳೂ ಇದ್ದಾರೆ, ಮಲ್ಲೇಶನಿಗೆ ಮೂರು ತಿಂಗಳ ಗಂಡು ಮಗುವಿದೆ. ನನ್ನ ಕಾಲಾನಂತರ ಬಾವಿ ಹೊಲದ ಎರಡು ಎಕರೆ ಕೂಸಿಗೂ, ಉಳಿದದ್ದೆಲ್ಲ ಮಲ್ಲೇಶನಿಗೂ ಸೇರತಕ್ಕದ್ದು.

ನಮ್ಮ ಕಡೆಯವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಗಂಡಾದರೆ ಹೈದ, ಹೆಣ್ಣಾದರೆ ಕೂಸು. ಮೂರು ಮಕ್ಕಳ ತಾಯಿಯಾದರೂ ತವರಿಗೆ ಬಂದರೆ ಅವಳು ಕೂಸೇ. ಬರೆಸಿದವನು, ಸಾಕ್ಷಿ ಹಾಕಿದವರು, ರಿಜಿಸ್ಟರ್ ಮಾಡಿದವರು ಎಲ್ಲರೂ ಇಲ್ಲಿಯವರೇ ಆದ್ದರಿಂದ ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣಲಿಲ್ಲ. ಆದರೆ ಗುಂಡ್ಲುಪೇಟೆ ದಾಟಿ ನಾಲ್ಕು ತಾಲ್ಲೂಕು ಆಚೆ ಹೋದರೆ ಕೂಸು ಎಂದರೆ ತೊಟ್ಟಿಲ ಮಗು. ಮಲ್ಲೇಶ ಮೈಸೂರಿನಿಂದ ವಕೀಲರನ್ನು ಕರೆಸಿದ್ದ, ನಮ್ಮ ನ್ಯಾಯಾಧೀಶರು ಬೆಳಗಾವಿ ಕಡೆಯವರು. ಉಯಿಲಿಗೆ ಸಾಕ್ಷಿ ಹಾಕಿದ್ದ ಇಬ್ಬರೂ ಸತ್ತಿದ್ದರು, ಅದು ತಯಾರಾದ ಕಚೇರಿಯ ಚಿಕ್ಕಮಲ್ಲಪ್ಪನವರೂ ತೀರಿಕೊಂಡಿದ್ದರು.

ಶಿವರಂಜಿನಿ ನಕಲನ್ನು ಕೊನೆಯವರೆಗೆ ಓದಿದಳು. ಕೆಳಗೆ ಸಣ್ಣಕ್ಷರದಲ್ಲಿ ಬೆರಳಚ್ಚು ಮಾಡಿದವರ ಹೆಸರಿತ್ತು: ಶಿವರಂಜಿನಿ.

"ಅಕ್ಕ, ನಿಮ್ ಕೇಸು ನಾನು ನಡೆಸಕ್ಕಾಗಲ್ಲ," ಅಂದಳಂತೆ.

ಸುಧಾಮಣಿಯ ಮುಖ ಬಾಡಿತು. "ಯಾಕ್ ಮೇಡಂ, ಅಣ್ಣನ ಕಡೆಯೋರು ಬಂದಿದ್ರಾ?"

"ಇಲ್ಲ ಕಣಕ್ಕ. ಇದನ್ನ ಟೈಪ್ ಮಾಡಿದ್ದು ನಾನೇ. ಚಿಕ್ಕಮಲ್ಲಪ್ನೋರು ಊಟಕ್ಕೆ ಓಗಿದ್ರು, ನಿಮ್ಮಪ್ಪ ಯೋಳ್ತಾ ಇದ್ರು, ನಾನು ಟೈಪ್ ಮಾಡ್ಬುಟ್ಟೆ. ಸಾಕ್ಷಿ ಯೋಳೋಳು ವಕೀಲಿ ಮಾಡಂಗಿಲ್ಲ. ನಂಗೆ ಸಾಕ್ಷಿ ಕೆಲ್ಸ ಇದೆ."

ಕೇಸನ್ನು ತನ್ನ ಜೂನಿಯರ್ ಆಗಿದ್ದು ಈಗ ಸ್ವಂತ ಕಚೇರಿ ಮಾಡಿಕೊಂಡಿದ್ದ ಭವ್ಯಳಿಗೆ ಕೊಡಿಸಿದಳು. ಸಮನ್ಸ್ ಕಾಗದ ನನ್ನ ಮೇಜಿಗೆ ಬಂದ ದಿನ ನಾನೇ ಅವಳನ್ನು ಕರೆದು ಬೈದೆ. "ಹುಚ್ಚು ಹಿಡಿದಿದೆಯಾ ನಿನಗೆ? ಉಯಿಲು ಬರೆದು ಬದುಕುವವಳು ನೀನು. ಉಯಿಲಲ್ಲೇ ತಪ್ಪು ಮಾಡಿದೆ ಅಂತ ಕೋರ್ಟಿನಲ್ಲಿ ಹೇಳಿದರೆ ನಾಳೆಯಿಂದ ಯಾರು ಬರುತ್ತಾರೆ?"

"ಯಾರೂ ಬರದೇ ಇದ್ರೆ ತೆರಿಗೆ ನೋಡ್ಕೋತೀನಿ ಬುಡಿ ಸ್ವಾಮಣ್ಣ," ಅಂದಳು. "ತೆರಿಗೇನೂ ಕೈ ಬುಟ್ರೆ ಟೈಪಿಂಗ್ ಮರ್ತಿಲ್ಲ. ಆವಯ್ಯ ಯೋಳಿದ್ನ ಕಿವಿಯಾರ ಕೇಳಿರೋದು ಭೂಮಿ ಮ್ಯಾಲೆ ನಾನೊಬ್ಳೇ. ನಾನು ಬಾಯಿ ಮುಚ್ಕೊಂಡ್ರೆ ಆಯಮ್ಮ ಎಲ್ಲಿಗೆ ಓಗ್ಬೇಕು?"

ಸಮನ್ಸಿಗೆ ಮೊಹರು ಒತ್ತಿ ಅವಳ ಕೈಗೆ ಕೊಟ್ಟೆ. ಸಿಟ್ಟು ಮಾತ್ರ ಇನ್ನೂ ಇತ್ತು.

ಆ ದಿನ ಅವಳು ಸಾದಾ ಹತ್ತಿ ಸೀರೆಯಲ್ಲಿ ಸಾಕ್ಷಿಕಟ್ಟೆ ಹತ್ತಿದಳು. ಪ್ರಮಾಣ ಮಾಡಿಸಿದವನು ನಾನೇ. ಇಡೀ ವಕೀಲರ ಸಂಘ ಹಿಂದೆ ನಿಂತಿತ್ತು, ಕೆಲವರು ಬರೀ ತಮಾಷೆ ನೋಡಲು ಬಂದಿದ್ದರು. ಭವ್ಯ ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರಿಸಿದಳು. ಆಮೇಲೆ ಮೈಸೂರಿನ ವಕೀಲರು ಪಾಟೀಸವಾಲಿಗೆ ಎದ್ದರು.

"ನೀವು ಬರೆದ ಕಾಗದಕ್ಕೆ ಎರಡು ಅರ್ಥ ಇರುವುದಿಲ್ಲ ಅಂತ ಹೇಳಿಕೊಳ್ಳುತ್ತೀರಂತೆ, ಹೌದೇ?"

"ಹೌದು ಸಾರ್."

"ಈ ಕಾಗದಕ್ಕೆ ಎರಡು ಅರ್ಥ ಇದೆಯಲ್ಲ?"

"ಇದೆ. ತಪ್ಪು ನನ್ನದೇ. ಹೆಸರು ಕೇಳಬೇಕಿತ್ತು, ಕೇಳಲಿಲ್ಲ. ಆಗ ನನಗೆ ಹತ್ತೊಂಬತ್ತು ವರ್ಷ, ಕೂಸು ಅಂದರೆ ಲೋಕಕ್ಕೆಲ್ಲ ಮಗಳೇ ಅಂದುಕೊಂಡಿದ್ದೆ."

ಹಿಂದೆ ಯಾರೋ ನಕ್ಕರು. ವಕೀಲರು ದಪ್ಪ ನಿಘಂಟೊಂದನ್ನು ಎತ್ತಿ ತೋರಿಸಿ, "ಇದರಲ್ಲಿ ಕೂಸು ಎಂದರೆ ಶಿಶು ಎಂದಿದೆ. ಇದೂ ಸುಳ್ಳೇ?" ಎಂದರು.

"ಸುಳ್ಳಲ್ಲ ಸಾರ್. ದೊಡ್ಡಮಲ್ಲಪ್ಪನವರು ಅದನ್ನು ಓದಿರಲಿಲ್ಲ, ಅಷ್ಟೇ. ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. 'ಬಾವಿ ವಲ ಕೂಸ್ಗೆ ಬರಿಯವ್ವ, ಗಂಡಿಲ್ದ ಜೀವ, ಯಾರ್ ಮುಂದೂ ಕೈ ಚಾಚ್ಬಾರ್ದು' ಅಂದರು. ಮೂರು ತಿಂಗಳ ಗಂಡು ಮಗುವಿಗೆ ಗಂಡ ಎಲ್ಲಿಂದ ಬರಬೇಕು ಸಾರ್?"

ಕೋರ್ಟು ಹಾಲ್ ಪೂರ್ತಿ ನಕ್ಕಿತು. ನ್ಯಾಯಾಧೀಶರೂ ನಗು ತಡೆದುಕೊಂಡರು. ಆದರೆ ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು: "ನಮ್ಮ ಕಡೆ ಕೂಸು ಅಂದ್ರ ತೊಟ್ಲಾಗಿನ ಕೂಸ ನೋಡ್ರಿ. ನಿಮ್ಮ ಊರಾಗ ಬ್ಯಾರೆ ಅರ್ಥ ಐತಿ ಅನ್ನೋದು ನಿಮ್ಮ ಒಬ್ಬರ ಮಾತು. ಹದಿನಾರು ವರ್ಷದ ಹಿಂದಿನ ಒಂದು ಮಾತಿನ ಮ್ಯಾಲೆ ತೀರ್ಪು ಬರಿಯೋದು ಕಷ್ಟ ಆಗ್ತೈತಿ."

ಮುಂದಿನ ದಿನಾಂಕಕ್ಕೆ ಒಂದು ತಿಂಗಳು. ಆ ತಿಂಗಳಲ್ಲಿ ಇಬ್ಬರು ತಮ್ಮ ಉಯಿಲಿನ ಕರಡು ವಾಪಸ್ಸು ತೆಗೆದುಕೊಂಡು ಹೋದರು. ಅವಳು ಕಾಫಿ ಕೊಟ್ಟೇ ಕಳಿಸಿದಳು. ಸಂಜೆಯಾದರೆ ತಾನು ಟೈಪಿಸ್ಟ್ ಆಗಿದ್ದ ನಾಲ್ಕು ವರ್ಷದ ಉಯಿಲುಗಳನ್ನು ನೆನಪು ಮಾಡಿಕೊಂಡು, ಬರೆಸಿದವರ ಮನೆಗಳಿಗೆ ಸ್ಕೂಟರಿನಲ್ಲಿ ಹೋದಳು. "ಅಜ್ಜ, ಇನ್ನೂ ಇದ್ದೀಯಲ್ಲ, ಸದ್ಯ. ಕಾಗ್ದ ತಗೊಂಡ್ ಬಾ, ಓದನ" ಎಂದು ಒಬ್ಬೊಬ್ಬರ ಜಗಲಿಯಲ್ಲಿ ಕೂತು ಓದಿದಳು. ಇನ್ನೆರಡರಲ್ಲಿ ಹೆಸರಿಲ್ಲದ ಕೂಸು ಸಿಕ್ಕಿತು. ಬರೆಸಿದವರು ಬದುಕಿದ್ದರು. ಎರಡನ್ನೂ ಹೊಸದಾಗಿ ಬರೆದು ರಿಜಿಸ್ಟರ್ ಮಾಡಿಸಿದಳು.

ಮಲ್ಲೇಶನ ಸಾಕ್ಷಿಯ ದಿನ ಬಂತು. ಅವನ ವಕೀಲರು ಚೆನ್ನಾಗಿ ತಯಾರು ಮಾಡಿದ್ದರು. ಸುಧಾಮಣಿಯ ಮಾತು ಬಂದರೆ ತಂಗಿ, ವಾದಿ ಎನ್ನುತ್ತಿದ್ದನೇ ಹೊರತು ಮನೆಮಾತಿನ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಅವನು ಕೆಟ್ಟವನೆಂದು ನಾನು ಹೇಳುವುದಿಲ್ಲ. ರಸ್ತೆ ಬದಿಯ ಹೊಲ ಒಳ್ಳೆಯವರ ತಲೆಯನ್ನೂ ಕೆಡಿಸುತ್ತದೆ. ಭವ್ಯ ಅರ್ಧ ಗಂಟೆ ಸುತ್ತಿ ಬಳಸಿ ಕೇಳಿದಳು, ಅವನು ಸಿಕ್ಕಲಿಲ್ಲ. ಸುಧಾಮಣಿ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಾ ಕೂತಿದ್ದಳು. ಭವ್ಯಳಿಗೂ ಪ್ರಶ್ನೆ ಮುಗಿದಂತಿತ್ತು. ಕೂರುವ ಮುಂಚೆ ಸುಮ್ಮನೆ ಕೇಳಿದಳು: "ನಿಮ್ಮ ತಂದೆಯವರು ಎಷ್ಟು ದಿನ ಹಾಸಿಗೆ ಹಿಡಿದಿದ್ದರು?"

"ಏಳು ತಿಂಗಳು."

"ಅವರ ಆರೈಕೆ ಮಾಡಿದ್ದು ಯಾರು?"

ಮಲ್ಲೇಶ ತಡವರಿಸಿದ. ಅಪ್ಪನ ನೆನಪು ಬಂತೇನೋ. "ನಾನೆಲ್ಲಿ ಮಾಡ್ದೆ ಕಣವ್ವ," ಅಂದ. "ಬಾಯಿಗೆ ಗಂಜಿ ಬುಡೋದು, ಮೈ ಒರ್ಸೋದು, ಉಚ್ಚೆ ಬಟ್ಟೆ ಒಗಿಯೋದು, ಎಲ್ಲ ನಮ್ ಕೂಸೇ ಮಾಡ್ದ್ಳು."

ಮೈಸೂರಿನ ವಕೀಲರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಮುಂದಕ್ಕೆ ಬಾಗಿದರು.

"ಈಗ ಕೂಸು ಅಂದ್ರಲ್ಲ, ಯಾರಿಗೆ ಅಂದ್ರಿ?"

ಮಲ್ಲೇಶ ತನ್ನ ವಕೀಲರತ್ತ ನೋಡಿದ. ಆಮೇಲೆ ತಂಗಿಯತ್ತ ನೋಡಿದ. ಅವಳು ಆಗ ತಲೆ ಎತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು. ಅವನ ಹೆಗಲು ಇಳಿದುಹೋಯಿತು.

"ಇವಳ್ನೇ ಸ್ವಾಮಿ. ಅಪ್ಪನೂ ಇವಳ್ನೇ ಅಂದಿದ್ದು. ನಂಗೊತ್ತು. ಬರ್ಕೊಳಿ."

ನ್ಯಾಯಾಧೀಶರು ಸ್ಟೆನೋಗೆ ಹೇಳತೊಡಗಿದರು: "ಉಯಿಲಿನಲ್ಲಿ ಹೇಳಿರುವ ಕೂಸು ಎಂದರೆ ನನ್ನ ತಂಗಿಯೇ ಎಂದು ಸಾಕ್ಷಿಯು ಒಪ್ಪಿಕೊಂಡಿರುತ್ತಾರೆ..."

ಕೊನೆಯ ಬೆಂಚಿನಿಂದ ಶಿವರಂಜಿನಿ ಎದ್ದು ನಿಂತಳು. ಆ ಕೇಸಿನಲ್ಲಿ ಮಾತಾಡುವ ಹಕ್ಕು ಅವಳಿಗೆ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

"ಹೆಸ್ರು ಬರ್ಸಿ ಸ್ವಾಮಿ," ಅಂದಳು. "ಸುಧಾಮಣಿ ಅಂತ."